ತೂತಿಲ್ಲದ ಗುಂಡಿ

ಬೆಳಗಿನ ಗಂಟೆ ಹೊಡೆದದ್ದು ಯಾವಾಗಲೋ, ಅವಳಿಗೆ ಕೇಳಿಸಿದ್ದು ಈಗ. ಇತ್ತೀಚೆಗೆ ಎಲ್ಲ ಸದ್ದುಗಳೂ ಹೀಗೆಯೇ, ಅವಳ ಹತ್ತಿರ ಬರುವ ಮುಂಚೆ ಎಲ್ಲೋ ಕೂತು ದಣಿವಾರಿಸಿಕೊಂಡು ಬರುತ್ತಿದ್ದವು. ಸಮವಸ್ತ್ರ ಹೊಲಿಯುವ ಆ ಉದ್ದನೆಯ ಕೋಣೆಯಲ್ಲಿ ಇಪ್ಪತ್ತು ಮಷಿನ್ನುಗಳು ಆಗಲೇ ಓಡುತ್ತಿದ್ದವು. ಉಳಿದವರು ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದರೆ ಅವಳು ಕತ್ತರಿಸುವ ಮೇಜಿನ ಮುಂದೆ ಸ್ವೆಟರಿನ ಮೇಲೊಂದು ಸ್ವೆಟರು ಹಾಕಿಕೊಂಡು ನಿಂತಿದ್ದಳು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಕಾಲರಿನ ರಟ್ಟಿನ ಅಚ್ಚು ಇಟ್ಟು, ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಬೇಕು. ಇಪ್ಪತ್ತೈದು ವರ್ಷದ ಕೈ, ಕಣ್ಣು ಮುಚ್ಚಿ ಬಿಟ್ಟರೂ ದಾರಿ ತಪ್ಪುವಂಥದ್ದಲ್ಲ. ಮೇಜಿನ ತುದಿಯಲ್ಲಿ ಗುಂಡಿಗಳ ಡಬ್ಬಿ ಇತ್ತು. ಅವಳು ಸುತ್ತ ಒಮ್ಮೆ ನೋಡಿ, ಸ್ವೆಟರಿನ ಜೇಬಿನಿಂದ ಸಣ್ಣ ಬಿಳಿ ಗುಳಿಗೆಯೊಂದನ್ನು ತೆಗೆದು, ಅಂಗೈಯಲ್ಲಿ ಒಂದು ಗಳಿಗೆ ಇಟ್ಟುಕೊಂಡಿದ್ದು, ಡಬ್ಬಿಯೊಳಕ್ಕೆ ಬಿಟ್ಟಳು. ಅದು ಬಿಳಿ ಗುಂಡಿಗಳ ನಡುವೆ ಇಳಿದು ಕಾಣದಾಯಿತು. ಇವತ್ತಿಗೆ ಹನ್ನೊಂದು.

ಕಸದ ಬುಟ್ಟಿಗೆ ಹಾಕಬಹುದಿತ್ತು. ಆದರೆ ಔಷಧವನ್ನು ಕಸಕ್ಕೆ ಹಾಕಲು ಮನಸ್ಸು ಬರುತ್ತಿರಲಿಲ್ಲ. ಮನೆಯಲ್ಲಿ ಗಂಡ ದಿನಾ ಬೆಳಿಗ್ಗೆ ತಾನೇ ಡಬ್ಬಿ ತೆರೆದು ಗುಳಿಗೆ ಅವಳ ಅಂಗೈಗೆ ಹಾಕಿ, ನೀರಿನ ಲೋಟ ಹಿಡಿದು ನಿಲ್ಲುತ್ತಾನೆ. ಅವಳು ಕೈಯನ್ನು ಬಾಯಿಯ ಹತ್ತಿರ ಒಯ್ದು, ಗುಟಕ್ಕನೆ ನೀರು ಕುಡಿದು, ಮುಷ್ಟಿಯನ್ನು ಜೇಬಿಗಿಳಿಸುತ್ತಾಳೆ. ಸುಳ್ಳು ಹೇಳಲು ಬಾರದವಳೆಂದು ಅವನು ನಂಬಿದ್ದಾನೆ. ಪಾಪ, ಆ ರಿಪೋರ್ಟು ಬಂದ ದಿನ ಅವನು ಮಗುವಿನ ಹಾಗೆ ಕುಣಿದಾಡಿಬಿಟ್ಟ. ಪಕ್ಕದ ಮನೆಯವರಿಗೆ, ತನ್ನ ಆಫೀಸಿನವರಿಗೆ, ಹಾಲಿನವನಿಗೆ ಸಹ ಹೇಳಿದ. "ತಲೆಗೇನೂ ಆಗಿಲ್ಲ ಕಣ್ರೀ, ಬರೀ ಥೈರಾಯ್ಡು!" ಆ 'ಬರೀ' ಎನ್ನುವುದು ಅವಳೊಳಗೆ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡು ಹನ್ನೆರಡು ದಿನವಾಗಿತ್ತು.

ಡಾಕ್ಟರಮ್ಮನ ಹತ್ತಿರ ಅವಳು ಹೋದದ್ದು ಹುಚ್ಚರ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಲೆಂದೇ. ಮಷಿನ್ನುಗಳು ತನ್ನ ಬಗ್ಗೆ ಮಾತಾಡಿಕೊಳ್ಳುತ್ತವೆ, ಗೋಡೆಯ ಆಚೆ ಯಾರೋ ನಗುತ್ತಾರೆ, ಒಂದು ಲೋಟ ತೊಳೆಯುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ ಎಂದೆಲ್ಲ ತಲೆ ತಗ್ಗಿಸಿ ಹೇಳಿದ್ದಳು. ಡಾಕ್ಟರಮ್ಮ ಬೆನ್ನ ಹಿಂದೆ ನಿಂತು ಎರಡೂ ಕೈಗಳಿಂದ ಅವಳ ಕತ್ತು ಮುಟ್ಟಿ, "ಎಂಜಲು ನುಂಗಿ ನೋಡೋಣ" ಎಂದರು. ಆಮೇಲೆ ರಕ್ತ ಪರೀಕ್ಷೆ. ಆಮೇಲೆ, "ಕತ್ತಲ್ಲಿರೋ ಗ್ರಂಥಿ ಕೆಲಸ ನಿಲ್ಲಿಸಿಬಿಟ್ಟಿದೆ. ಮೈ ತಣ್ಣಗಾಗೋದು, ಮುಖ ಊದೋದು, ದನಿ ಒಡೆಯೋದು ಎಲ್ಲಾ ಅದರಿಂದಾನೇ. ಮನಸ್ಸು ಮಂಕಾಗೋದೂ ಅದರಿಂದಾನೇ. ಜಾಸ್ತಿ ಆದರೆ ಇಲ್ಲದ್ದು ಕೇಳುತ್ತೆ, ಕಾಣುತ್ತೆ. ದಿನಾ ಬೆಳಗ್ಗೆ ಒಂದು ಗುಳಿಗೆ, ಖಾಲಿ ಹೊಟ್ಟೆಗೆ. ತಪ್ಪಿಸೋ ಹಾಗಿಲ್ಲ, ಹೃದಯ ಆಗಲೇ ನಿಧಾನ ಆಗಿದೆ. ಎರಡು ತಿಂಗಳಲ್ಲಿ ಮೊದಲಿನ ಹಾಗೆ ಆಗ್ತೀರಿ." ಅಷ್ಟು ಹೇಳಿ, ಪೆನ್ನಿನ ಮುಚ್ಚಳ ತೆಗೆಯುತ್ತ, "ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?" ಎಂದು ಕೇಳಿದರು. ಅವಳು "ಇಲ್ಲ" ಎಂದಳು. ಎದ್ದು ಬಾಗಿಲ ತನಕ ಹೋದವಳು ತಿರುಗಿ, "ಇದು ಹೊಸ ಔಷಧನಾ ಡಾಕ್ಟ್ರೇ?" ಎಂದಳು. "ಹೊಸದೇನು ಬಂತು? ನಮ್ಮ ಮೇಷ್ಟರು ಓದೋ ಕಾಲದಿಂದಲೂ ಇದೆ."

ಅಮ್ಮ ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಯಲ್ಲಿ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಬಂದ ಕರೆಗಳನ್ನು ಆಯಾ ವಾರ್ಡಿಗೆ, ಆಯಾ ಡಾಕ್ಟರಿಗೆ ಕೊಡುವುದು. ನೂರು ಜನ ಡಾಕ್ಟರುಗಳು ದಿನವೂ ಅವಳ ದನಿ ಕೇಳುತ್ತಿದ್ದರು, ಮುಖ ನೋಡಿದವರು ಯಾರೂ ಇಲ್ಲ. ದನಿಗೆ ಹೆಸರಾದವಳು ಅಮ್ಮ. ಆ ದನಿ ದಪ್ಪಗಾಗುತ್ತ, ಮಾತು ನಿಧಾನವಾಗುತ್ತ ಬಂದಾಗ ದೂರು ಹೋಯಿತು. ಬೋರ್ಡಿನಲ್ಲಿ ಯಾರೋ ಕುಡಿದು ಕೂತಿದ್ದಾರೆ ಎಂದು. ಅವಳನ್ನು ಫೈಲುಗಳ ಕೋಣೆಗೆ ಹಾಕಿದರು. ಅಲ್ಲಿ ಮಾತಾಡುವ ಕೆಲಸವೇ ಇರಲಿಲ್ಲ. ಕತ್ತಿನವರೆಗೆ ಗುಂಡಿ ಹಾಕುವ ಬೂದು ಅಂಗಿ ಅವಳ ಸಮವಸ್ತ್ರ. ಹೊಲಿಗೆ ಕಲಿಯಲು ಶುರುಮಾಡಿದ್ದ ಮಗಳ ಮುಂದೆ ಒಂದು ದಿನ ನಿಂತು, "ಕಾಲರು ಹಿಡಿಯುತ್ತೆ ಕಣೆ" ಎಂದಳು. ಮಗಳು ಟೇಪು ಹಾಕಿದಳು. ಕಾಲರು ಬಿಚ್ಚಿ, ಅರ್ಧ ಇಂಚು ಸೇರಿಸಿ, ಹೊಲಿಗೆಯ ಗುರುತೂ ಕಾಣದ ಹಾಗೆ ಕೂಡಿಸಿಕೊಟ್ಟಳು. ಎಂಟು ತಿಂಗಳಿಗೆ ಮತ್ತೆ ಅರ್ಧ ಇಂಚು. ಮತ್ತೊಂದು ವರ್ಷಕ್ಕೆ ಮತ್ತೆ. ಸೊಂಟ ಬೆಳೆಯುತ್ತದೆ, ತೋಳು ಬೆಳೆಯುತ್ತದೆ, ಹಾಗೆ ಕತ್ತೂ ಬೆಳೆಯುತ್ತದೆ ಎಂದುಕೊಂಡಿದ್ದಳು. ದರ್ಜಿಯ ಬುದ್ಧಿ ಅಲ್ಲಿಗೇ ನಿಲ್ಲುವುದು. ಬಟ್ಟೆ ಮೈಗೆ ಹಿಡಿದರೆ ತಪ್ಪು ಯಾವಾಗಲೂ ಬಟ್ಟೆಯದೇ.

"ಇದೇನಮ್ಮ ಇದು?" ಎದುರಿಗೆ ಮೇಸ್ತ್ರಿ ನಿಂತಿದ್ದ, ಎಷ್ಟು ಹೊತ್ತಿನಿಂದಲೋ. ಕತ್ತರಿಸಿಟ್ಟ ಕಾಲರಿನ ಕಟ್ಟಿನಿಂದ ಒಂದನ್ನು ಎಳೆದು ತನ್ನ ಕತ್ತಿಗೆ ಸುತ್ತಿಕೊಂಡಿದ್ದ. ಅದರೊಳಗೆ ಎರಡು ಬೆರಳು ಹಾಕಿ ಆಡಿಸಿ ತೋರಿಸಿದ. "ಮನುಷ್ಯರ ಕತ್ತಿಗಾ, ಎತ್ತಿನ ಕತ್ತಿಗಾ? ಅಚ್ಚು ಕಣ್ಣ ಮುಂದೇನೇ ಇದೆ. ಗೆರೆ ಅರ್ಧ ಇಂಚು ಆಚೆಗೆ ಹಾಕಿದ್ದೀರಿ. ಒಂದಲ್ಲ ಎರಡಲ್ಲ, ಅರವತ್ತು!" ಮಷಿನ್ನುಗಳು ಒಂದೊಂದಾಗಿ ನಿಂತವು. ಇಪ್ಪತ್ತು ಮುಖಗಳು ಈ ಕಡೆ ತಿರುಗಿದವು. ಅವಳು ಅಚ್ಚನ್ನೂ ಗೆರೆಯನ್ನೂ ನೋಡಿದಳು. ಹೌದು, ಅಚ್ಚಿನ ಸುತ್ತ ಎಲ್ಲ ಕಡೆಯೂ ಸಮನಾಗಿ, ಅಚ್ಚುಕಟ್ಟಾಗಿ, ಅರ್ಧ ಇಂಚು ಬಿಟ್ಟು ಗೆರೆ ಓಡಿತ್ತು. ಒಂದು ಕಡೆಯೂ ಕೈ ನಡುಗಿರಲಿಲ್ಲ. "ನಾನು... ಸಡಿಲ ಇರಲಿ ಅಂತ" ಎಂದಳು. ತನ್ನ ದನಿ ತನಗೇ ಗಂಡಸಿನ ದನಿಯಂತೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ನಿಜವಾದ ನಗೆಯೋ, ಗೋಡೆಯಾಚೆಯ ನಗೆಯೋ ತಿಳಿಯಲಿಲ್ಲ. ಮೇಸ್ತ್ರಿ ಒಳ್ಳೆಯವನೇ, ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು. "ಕೂತ್ಕೊಳ್ಳಿ ಸ್ವಲ್ಪ" ಎಂದು, ಮಗುವಿನ ಕೈಯಿಂದ ತೆಗೆದುಕೊಳ್ಳುವ ಹಾಗೆ ಅವಳ ಕೈಯಿಂದ ಕತ್ತರಿ ತೆಗೆದುಕೊಂಡ.

ಅವಳು ಕಾಜಾ ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅಂಗಿಯಲ್ಲಿ ಗುಂಡಿ ತೂರುವ ಸೀಳಿಗೆ ದಾರ ಸುತ್ತಿ ಕಾಜಾ ಹಾಕುವುದರಲ್ಲಿ ಮೂವತ್ತು ವರ್ಷ ಕಳೆದವಳು, ಅದೇ ಅವಳ ಹೆಸರಾಗಿತ್ತು. ಕಾಜಾ ಅಕ್ಕ ಮೇಜಿನ ತುದಿಯ ಡಬ್ಬಿಗೆ ಕೈ ಹಾಕಿ, ಗುಂಡಿ ತೆಗೆದು, ನೋಡದೆಯೇ ಸೂಜಿ ಚುಚ್ಚಿ ಎಳೆಯುತ್ತ ಹೋದಳು. ಒಂದು, ಎರಡು, ಮೂರು. ಆ ಲಯಕ್ಕೆ ಇವಳ ಕಣ್ಣು ಎಳೆಯತೊಡಗಿತು. ನಿದ್ದೆಯಲ್ಲಿ ಕಾಲೇಜಿನ ದಿನಗಳ, ಅಮ್ಮ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಗೇಟು ಬಂತು. ಗೆಳತಿಯರ ಜೊತೆ ಅವಳು ಗೇಟಿನ ಮುಂದೆ ಹಾದುಹೋಗುತ್ತಿದ್ದಾಳೆ. ಒಳಗಿನಿಂದ ಊದಿದ ಮುಖದ, ಹುಬ್ಬಿನ ಅರ್ಧ ಉದುರಿದ ಹೆಂಗಸೊಬ್ಬಳು ಕಾಲೆಳೆದುಕೊಂಡು ಬರುತ್ತಾಳೆ. ಗೆಳತಿ, "ಅಯ್ಯೋ, ಯಾರೇ ಅದು?" ಎನ್ನುತ್ತಾಳೆ. ಅವಳು, "ಯಾರೋ, ಗೊತ್ತಿಲ್ಲ" ಎನ್ನುತ್ತಾಳೆ. ಅಮ್ಮ ಅವಳನ್ನು ನೋಡಿ, ನೋಡದವಳಂತೆ ರಸ್ತೆಯ ಆಚೆ ಬದಿಗೆ ದಾಟಿ ಹೋಗುತ್ತಾಳೆ. ಮನೆಯಲ್ಲಿ ಇಬ್ಬರೂ ಆ ಮಾತೇ ಎತ್ತಲಿಲ್ಲ. ಅಮ್ಮನಿಗೆ ಹುಚ್ಚು ಹಿಡಿದದ್ದು ಅದರಿಂದ ಎಂದು ಅವಳು ಇಪ್ಪತ್ತೆರಡು ವರ್ಷ ಗಟ್ಟಿಯಾಗಿ ನಂಬಿಕೊಂಡು ಬಂದಿದ್ದಳು. ಹುಟ್ಟಿ ಹದಿನೈದು ದಿನಕ್ಕೆ ಹೋದ ತಮ್ಮನಿಂದ ಎಂದು ಅಜ್ಜಿ ನಂಬಿದ್ದಳು. ಅವರ ಮನೆಯ ರಕ್ತವೇ ಅಂಥದ್ದು ಎಂದು ಸೋದರತ್ತೆ ನಂಬಿದ್ದಳು. ಅಪ್ಪನದು ಬೇರೆ. ಎಲ್ಲರೂ ತಂತಮ್ಮ ಕಾರಣವನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು. ಅಮ್ಮ ಮಾತ್ರ ತನ್ನ ಕಾರಣವನ್ನು ಬಾಯಿಬಿಟ್ಟು ಹೇಳಿದ್ದಳು. "ಯಾರೋ ಕತ್ತು ಹಿಡಿದಿದ್ದಾರೆ. ಹೊತ್ತಿಲ್ಲ ಗೊತ್ತಿಲ್ಲ, ಕತ್ತು ಹಿಡಿದುಕೊಂಡೇ ಇದ್ದಾರೆ." ಹುಚ್ಚರ ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿಯವರು ಅದನ್ನೇ ಹುಚ್ಚಿನ ಗುರುತೆಂದು ಬರೆದುಕೊಂಡರು.

"ಏನೇ ಇದು, ಈ ಗುಂಡಿಗೆ ತೂತೇ ಇಲ್ವಲ್ಲೇ!"

ಕಾಜಾ ಅಕ್ಕನ ಸೂಜಿ ಒಂದು ಬಿಳಿಯ ಚೂರಿನ ಮೇಲೆ ಜಾರಿ ಅವಳ ಬೆರಳಿಗೆ ಚುಚ್ಚಿತ್ತು. ಬೆರಳು ಬಾಯಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಆ ಚೂರನ್ನು ಕಣ್ಣ ಹತ್ತಿರ ಹಿಡಿದಳು. ಅವಳ ಮನೆಯಲ್ಲಿ ಬಿಪಿ ಇತ್ತು, ಸಕ್ಕರೆ ಕಾಯಿಲೆ ಇತ್ತು, ಗುಳಿಗೆಯ ಗುರುತು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುಮ್ಮನೆ ಡಬ್ಬಿಯನ್ನು ಮಡಿಲಿಗೆ ಸುರಿದುಕೊಂಡಳು. ಬೆರಳಲ್ಲಿ ಗುಂಡಿಗಳನ್ನು ಸರಿಸುತ್ತ, ತೂತಿಲ್ಲದವನ್ನು ಒಂದೊಂದಾಗಿ ಆರಿಸಿ ಸೀಮೆಸುಣ್ಣ ಸುತ್ತಿದ್ದ ಕಾಗದದ ಮೇಲಿಟ್ಟಳು. ಇವಳ ಕಡೆ ನೋಡಲೇ ಇಲ್ಲ.

"ಹನ್ನೊಂದು" ಎಂದಳು ಕೊನೆಗೆ. "ನೀನು ರಜಾ ಹಾಕಿ ಡಾಕ್ಟರ ಹತ್ತಿರ ಹೋಗಿ ಬಂದು ಎಷ್ಟು ದಿನ ಆಯ್ತು?"

"ಹನ್ನೆರಡು."

"ಕಹಿ ಇರುತ್ತಾ?"

"ಗೊತ್ತಿಲ್ಲ. ಬಾಯಿಗೆ ಹಾಕ್ಕೊಂಡಿಲ್ಲ."

"ಯಾಕೆ?"

ಯಾಕೆಂದು ಹೇಳಲು ಮಾತುಗಳು ಇದ್ದವು, ಆದರೆ ಅವು ಕೊಳದ ತಳದಲ್ಲಿದ್ದವು. ಅವಳು ಒಂದೊಂದನ್ನೇ ಎತ್ತಿದಳು. "ತಗೊಂಡರೆ ವಾಸಿ ಆಗಿಬಿಡ್ತೀನಿ ಅಕ್ಕಾ."

ಕಾಜಾ ಅಕ್ಕ ತಲೆಯೆತ್ತಿ ಇವಳ ಮುಖ ನೋಡಿದಳು.

"ನಾನು ವಾಸಿ ಆದರೆ, ನಮ್ಮಮ್ಮನೂ ವಾಸಿ ಆಗಬಹುದಿತ್ತು ಅಂತ ಆಗುತ್ತಲ್ಲ. ಈಗಿನ್ನೂ ಹಾಗಾಗಿಲ್ಲ. ನಾನು ಹೀಗೇ ಇದ್ದರೆ ಅದು ಬೇರೆ ಏನೋ ಇದ್ದಿರಬಹುದು." ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಆ ಅಳುವೂ ತಡವಾಗಿ, ಬೇರೆ ಯಾರದೋ ಅಳುವಿನ ಹಾಗೆ ಬಂತು. "ಕಾಲರು ಸಡಿಲ ಮಾಡಿಕೊಟ್ಟವಳು ನಾನು. ಮೂರು ಸಲ. ಕೈಯಲ್ಲಿ ಟೇಪು ಹಿಡಿದು ಅಳತೆ ನೋಡಿದ್ದೀನಿ ಅಕ್ಕಾ. ಯಾಕೆ ಊದಿದೆ ಅಂತ ಒಂದು ಮಾತು ಕೇಳಲಿಲ್ಲ."

ಕಾಜಾ ಅಕ್ಕ ಸಮಾಧಾನ ಹೇಳುವ ಪೈಕಿಯವಳಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಡಿಚಿ, ಪೊಟ್ಟಣ ಮಾಡಿ, ಇವಳ ಜೇಬಿಗೆ ತುರುಕಿದಳು. "ನನ್ನ ಮುಂದೆ ಹೇಳಿ ಏನು ಬಂತು? ನಿಮ್ಮಮ್ಮನ್ನ ನಾನು ನೋಡಿದವಳೂ ಅಲ್ಲ. ನೋಡಿದವರ ಹತ್ತಿರ ಹೋಗಿ ಹೇಳು. ಮೇಸ್ತ್ರಿಗೆ ನಾನು ಹೇಳ್ತೀನಿ, ಹೊರಡು."

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಮಧ್ಯಾಹ್ನದ ಬಿಸಿಲು ಗಾಜಿನ ಮೂಲಕ ಬಂದು ಮಡಿಲಲ್ಲಿ ಕೂತರೂ ಬೆಚ್ಚಗಾಗಲಿಲ್ಲ. ಅಂಗಡಿಗಳು, ಸೈಕಲ್ಲುಗಳು, ಕೊಡೆ ಹಿಡಿದವರು ಎಲ್ಲ ನೀರಿನಡಿಯಲ್ಲಿ ಸಾಗುವಂತೆ ಮೆತ್ತಗೆ ಹಿಂದಕ್ಕೆ ಹೋದರು. ಮೂರನೆಯ ಸ್ಟಾಪಿನಲ್ಲಿ ಅಮ್ಮ ಹತ್ತಿ ಪಕ್ಕದಲ್ಲಿ ಕೂತಳು. ಬೂದು ಅಂಗಿ, ಮೇಲಿನ ಗುಂಡಿ ಹಾಕಿತ್ತು. ಅವಳು ಇಲ್ಲವೆಂಬುದು ಇವಳಿಗೆ ಗೊತ್ತಿತ್ತು. ಗ್ರಂಥಿ ಕೆಟ್ಟರೆ ಇಲ್ಲದ್ದು ಕಾಣುತ್ತದೆ ಎಂದು ಡಾಕ್ಟರಮ್ಮ ಹೇಳಿರಲಿಲ್ಲವೇ? ಗೊತ್ತಿದ್ದೂ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಗುಳಿಗೆ ನುಂಗಿದರೆ ಈ ಅಮ್ಮನೂ ಹೋಗುತ್ತಾಳೆ ಎಂಬ ಇನ್ನೊಂದು ಭಯವೂ ಇತ್ತೆಂದು ಅವಳಿಗೆ ತಿಳಿದದ್ದು ಆಗಲೇ. "ಅವತ್ತು ಗೇಟಿನ ಹತ್ತಿರ ನಾನು ನಿನ್ನ ನೋಡಿದ್ದೆ ಅಮ್ಮ" ಎಂದು ಮನಸ್ಸಿನಲ್ಲೇ ಹೇಳಿದಳು. ಅಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಹುಚ್ಚರ ಆಸ್ಪತ್ರೆಯ ವಾರ್ಡಿನಲ್ಲೂ ಹೀಗೆಯೇ ಕೂತಿರುತ್ತಿದ್ದಳು. ಚಳಿಗಾಲದ ಒಂದು ಬೆಳಿಗ್ಗೆ ಎಬ್ಬಿಸಲು ಹೋದರೆ ಏಳಲಿಲ್ಲ. ನಿದ್ದೆಯಲ್ಲೇ ಹೋದಳು, ಪುಣ್ಯವಂತೆ ಎಂದರು ಎಲ್ಲರೂ. ಕಂಡಕ್ಟರು ಬಂದು ಕೈ ಚಾಚಿದಾಗ ಅವಳು ಎರಡು ಟಿಕೆಟ್ ಕೇಳಿದಳು. ಅವನು ಪಕ್ಕದ ಖಾಲಿ ಸೀಟು ನೋಡಿ, ಅವಳ ಮುಖ ನೋಡಿ, ಒಂದನ್ನೇ ಹರಿದುಕೊಟ್ಟ.

ಅಪ್ಪನೂ ಕಂಡಕ್ಟರೇ ಆಗಿದ್ದವನು. ಹತ್ತನೆಯ ಸ್ಟಾಪಿನ ಬಳಿ ಎರಡು ಕೋಣೆಯ ಮನೆಯಲ್ಲಿ ತನ್ನ ತಂಗಿ, ಅಂದರೆ ಇವಳ ಸೋದರತ್ತೆಯ ಜೊತೆ ಇದ್ದ. ಒಂದು ಕಾಲಕ್ಕೆ ಅವನ ಗಂಟಲು ಇಡೀ ರಸ್ತೆಗೆ ಗೊತ್ತಿತ್ತು. ಬಸ್ಸು ತಿರುವಿನಲ್ಲಿರುವಾಗಲೇ ಅವನ ಕೂಗು ಸ್ಟಾಪಿಗೆ ಬಂದಿರುತ್ತಿತ್ತು. ಒಂದು ಸಂಜೆ ಅಮ್ಮ ಊಟದ ತಟ್ಟೆಯಲ್ಲಿ ಕೈಯಿಟ್ಟುಕೊಂಡು, ತಿನ್ನದೆ, ಮಾತಾಡದೆ ಅರ್ಧ ಗಂಟೆ ಕೂತುಬಿಟ್ಟಳು. ಅಪ್ಪ ಕೇಳಿ ಕೇಳಿ ಸಾಕಾಗಿ, ಆ ಗಂಟಲನ್ನೆಲ್ಲ ಸೇರಿಸಿ, "ಬಾಯಿ ಬಿಡೇ!" ಎಂದು ಕೂಗಿದ. ತಟ್ಟೆ ನೆಲಕ್ಕೆ ಬಿತ್ತು. ಮರುದಿನದಿಂದ ಅಮ್ಮ ಅವನ ಜೊತೆ ಒಂದು ಮಾತೂ ಆಡಲಿಲ್ಲ. ಅವಳು ಹೋದ ಮೇಲೆ ಅಪ್ಪ ಬಸ್ಸು ಬಿಟ್ಟು ಡಿಪೋದಲ್ಲಿ ಕಳೆದುಹೋದ ಸಾಮಾನಿನ ಕೋಣೆ ಕೇಳಿ ಹಾಕಿಸಿಕೊಂಡ. ಅವತ್ತಿನಿಂದ ಇವತ್ತಿನವರೆಗೂ ಪಿಸುಮಾತು. ಜೊತೆಗಿರುವ ತಂಗಿಗೋ ಎರಡೂ ಕಿವಿ ಕೇಳಿಸುವುದಿಲ್ಲ. ಪಿಸುಗುಡುವ ಅಣ್ಣ, ಕಿವುಡು ತಂಗಿ, ಹೇಗಪ್ಪಾ ಸಂಸಾರ ನಡೆಯುತ್ತೆ ಎಂದು ಕೇರಿಯವರೆಲ್ಲ ನಗುತ್ತಿದ್ದರು. ಅತ್ತೆ ಅವನ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದಳು.

ಅಪ್ಪ ಮುಂದಿನ ಕೋಣೆಯಲ್ಲಿ ಚಪ್ಪಲಿಯ ಉಂಗುಷ್ಠ ಸರಿಮಾಡುತ್ತ ಕೂತಿದ್ದ. ಅತ್ತೆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಏನನ್ನೋ ಕುಟ್ಟುತ್ತಿದ್ದಳು. "ಕೆಲಸ ಇರಲಿಲ್ವಾ ಪುಟ್ಟಿ?" ಎಂದ ಅಪ್ಪ, ಉಸಿರಿನಷ್ಟೇ ದನಿಯಲ್ಲಿ. ಅವಳು ಕೆಳಗೆ, ಅವನ ಹತ್ತಿರ ಕೂತಳು. ದಾರಿಯುದ್ದಕ್ಕೂ ಸುಳ್ಳೊಂದನ್ನು ಸಿದ್ಧ ಮಾಡಿಕೊಂಡು ಬಂದಿದ್ದಳು. ಔಷಧ ಈಗೀಗ ಬಂದಿದೆ ಅಪ್ಪ, ಆಗ ಇರಲಿಲ್ಲ ಎಂದು. ಎಪ್ಪತ್ತನಾಲ್ಕು ವರ್ಷದವನಿಗೆ ಅಷ್ಟಾದರೂ ದಯೆ ತೋರಿಸಬೇಕಲ್ಲ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಗ್ರಂಥಿ, ಊತ, ಮಂಕು, ಒಡೆದ ದನಿ, ದಿನಕ್ಕೊಂದು ಗುಳಿಗೆ. ಅಮ್ಮನ ಹೆಸರೇ ಎತ್ತಲಿಲ್ಲ. ಅಪ್ಪನ ಕೈಯಲ್ಲಿ ಚಪ್ಪಲಿ ಹಾಗೇ ನಿಂತಿತು.

"ನಿಮ್ಮಮ್ಮನದೂ ಅದೇ" ಎಂದ.

"ಹೂಂ."

"ಮಾತಾಡದೆ ಇದ್ದದ್ದೂ?"

"ಅದೂ ಅದರಿಂದಾನೇ ಅಪ್ಪ. ನಾಲಿಗೆ ದಪ್ಪ ಆಗುತ್ತೆ, ದನಿ ಏಳಲ್ಲ. ಮಾತಾಡೋಣ ಅಂದರೆ ಆಗಲ್ಲ. ನನಗೆ ಗೊತ್ತು."

ಅಪ್ಪ ಚಪ್ಪಲಿಯನ್ನು ಪಕ್ಕಕ್ಕಿಟ್ಟ. ಆಮೇಲೆ, "ಹಾಗಾದ್ರೆ ನನ್ನ ಮೇಲಿನ ಸಿಟ್ಟಿಗಲ್ಲ" ಎಂದ.

"ಅಲ್ಲ ಅಪ್ಪ."

"ನಾನು ಕೂಗಿದ್ದಕ್ಕಲ್ಲ."

"ಕೂಗಿದರೆ ಯಾರಿಗೂ ಹಾಗಾಗಲ್ಲ."

ಅವನು ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ತಾನೇ ಗಲ್ಲದವರೆಗೆ ಇಳಿಯಿತು. ಅವಳು ಮುಂದಿನ ಪ್ರಶ್ನೆಗೆ ಕಾದಳು. ಅದು ಬಂದೇ ಬಂತು. "ಆ ಗುಳಿಗೆ ಆಗ ಸಿಗ್ತಿತ್ತಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅಪ್ಪನ ಮುಖ ನೋಡಿದರೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅದು ಪೂರ್ತಿ ತೆರೆದುಕೊಂಡಿತ್ತು. ಅಂಥ ಮುಖಕ್ಕೆ ಸುಳ್ಳು ಹೇಳಲಾಗಲಿಲ್ಲ. "ಸಿಗ್ತಿತ್ತು" ಎಂದಳು. "ಅಮ್ಮ ಕೆಲಸ ಮಾಡ್ತಿದ್ದ ಆಸ್ಪತ್ರೆಯಲ್ಲೇ ಇದ್ದಿರಬೇಕು. ಕತ್ತು ಊದಿದ್ದು ನನಗೆ ಗೊತ್ತಿತ್ತು ಅಪ್ಪ. ನಾನು ಕಾಲರು ಬಿಚ್ಚಿ ದೊಡ್ಡದು ಮಾಡಿಕೊಟ್ಟೆ."

"ಹೇಳಿದ್ದಳು" ಎಂದ ಅಪ್ಪ. "ಆಗಿನ್ನೂ ಮಾತಾಡ್ತಿದ್ದಳು. ಕನ್ನಡಿ ಮುಂದೆ ನಿಂತು, ನೋಡಿ, ಹಿಡಿಯುತ್ತೆ ಅಂದರೆ ಸಾಕು, ನನ್ನ ಮಗಳಿಗೆ ನನ್ನ ಕತ್ತಿನ ಅಳತೆ ಗೊತ್ತಾಗುತ್ತೆ, ಈಗ ಉಸಿರಾಡೋಕೆ ಹಗುರ ಆಗಿದೆ ಅಂದಳು. ಅವತ್ತೆಲ್ಲ ಅದನ್ನೇ ಹೇಳ್ತಿದ್ದಳು. ಎಷ್ಟು ಸಂತೋಷ ಅವಳಿಗೆ."

ಇದನ್ನು ಅವಳು ಕೇಳಬಾರದಿತ್ತು, ಅಥವಾ ಎಂದೋ ಕೇಳಬೇಕಿತ್ತು. ಎದೆಯೊಳಗೆ ನಿಧಾನವಾಗಿ ಹೊಡೆದುಕೊಳ್ಳುತ್ತಿದ್ದದ್ದು ಒಂದು ಏಟು ತಪ್ಪಿಸಿದಂತಾಯಿತು. ಅವಳು ಗೋಡೆಗೆ ಒರಗಿದಳು. ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದಾಗ ಪೊಟ್ಟಣ ಹೊರಗೆ ಬಿದ್ದು, ಮಡಿಕೆ ಬಿಚ್ಚಿ, ಗುಳಿಗೆಗಳು ನೆಲದ ಮೇಲೆ ಚೆಲ್ಲಿದವು. ಅಪ್ಪ ಒಂದನ್ನು ಎತ್ತಿಕೊಂಡ. ಉಳಿದವನ್ನು ನೋಡಿದ. ಮಗಳ ಊದಿದ ಮುಖ ನೋಡಿದ, ಅರ್ಧ ಉದುರಿದ ಹುಬ್ಬು ನೋಡಿದ, ಈ ಬಿಸಿಲಿನಲ್ಲಿ ಹಾಕಿಕೊಂಡಿದ್ದ ಎರಡು ಸ್ವೆಟರು ನೋಡಿದ.

"ಇದು ಅದೇನಾ?"

ಅವಳು ತಲೆಯಾಡಿಸಿದಳು.

"ಎಷ್ಟು ದಿನದ್ದು?"

"ಹನ್ನೊಂದು."

"ಒಂದೂ ತಗೊಂಡಿಲ್ಲ."

"ಅಮ್ಮನಿಗೆ ಸಿಗದೆ ಇದ್ದದ್ದು ನನಗೆ ಯಾಕಪ್ಪ" ಎಂದಳು. ಅವಳ ಕಣ್ಣು ಮುಚ್ಚುತ್ತ ಬಂತು. ಗೋಡೆ ತಣ್ಣಗೆ, ಹಿತವಾಗಿತ್ತು. ಇಲ್ಲೇ ಸ್ವಲ್ಪ ನಿದ್ದೆ ಮಾಡಿದರೆ ಯಾರಿಗೂ ಏನೂ ನಷ್ಟವಿಲ್ಲ ಎನಿಸಿತು. "ಇರಲಿ ಬಿಡು. ನಾಳೆ ಬೆಳಗ್ಗೆ ನೋಡೋಣ. ಅದನ್ನ ಖಾಲಿ ಹೊಟ್ಟೆಗೇ ತಗೋಬೇಕು."

"ಬೆಳಗ್ಗೆಯಿಂದ ಏನು ತಿಂದಿದ್ದೀಯ?"

"ಏನೂ ಇಲ್ಲ. ಹಸಿವೇ ಆಗಲ್ಲ."

ಅಪ್ಪ ಎದ್ದು ನಿಂತ. ಅವನ ಕತ್ತಿನ ನರಗಳು ಉಬ್ಬಿದವು. ಒಂದು ಗಳಿಗೆ ಏನೂ ಹೊರಡಲಿಲ್ಲ, ಬರೀ ಗಾಳಿ. ಆಮೇಲೆ ಹೊರಟಿತು.

"ನುಂಗೇ!"

ಕಪಾಟಿನ ಗಾಜು ಝಣಗುಟ್ಟಿತು. ಹೊರಗೆ ರಸ್ತೆಯಲ್ಲಿ ಯಾರದೋ ಸೈಕಲ್ಲು ನಿಂತಿತು. ಹನ್ನೆರಡು ದಿನದಿಂದ, ಅಲ್ಲ, ತಿಂಗಳುಗಳಿಂದ ಎಲ್ಲ ಸದ್ದೂ ತಡವಾಗಿ ತಲುಪುತ್ತಿದ್ದ ಅವಳ ಕಿವಿಗೆ ಇದು ಹೊರಟ ಗಳಿಗೆಯಲ್ಲೇ ಬಂದು ಬಡಿಯಿತು. ಅವಳು ಬೆಚ್ಚಿ ಬಾಯಿ ತೆರೆದಳು. ಅಪ್ಪ ಗುಳಿಗೆಯನ್ನು ಅವಳ ನಾಲಿಗೆಯ ಮೇಲಿಟ್ಟು, ಹೂಜಿಯ ನೀರು ಬಗ್ಗಿಸಿದ ಲೋಟವನ್ನು ತುಟಿಗೆ ಹಿಡಿದ. ಆ ಅವಸರಕ್ಕೆ ಅರ್ಧ ನೀರು ಅವಳ ಸ್ವೆಟರಿನ ಮೇಲೆ ಚೆಲ್ಲಿತು. ಅವಳು ನುಂಗಿದಳು. ಗುಳಿಗೆ ಕತ್ತಿನೊಳಗೆ ಇಳಿಯುವುದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಕಹಿಯೇನೂ ಇರಲಿಲ್ಲ.

ಅಡುಗೆಮನೆಯಲ್ಲಿ ಕುಟ್ಟುವ ಸದ್ದು ನಿಂತಿತ್ತು. ಅತ್ತೆ ಕುಟ್ಟಾಣಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಅಣ್ಣನನ್ನೂ ಅವನ ಮಗಳನ್ನೂ ನೆಲದ ಮೇಲಿನ ಗುಳಿಗೆಗಳನ್ನೂ ಒಂದೊಂದಾಗಿ ನೋಡಿದಳು.

"ಯಾರು ಅದು ಕೂಗಿದ್ದು?" ಎಂದಳು.

"ನಾನೇ" ಎಂದ ಅಪ್ಪ, ಗಟ್ಟಿಯಾಗಿ.